ಬಸ್ಸು ಪುಕ್ಕಟೆ, ಕೂಲಿ ಪುಕ್ಕಟೆ ಅಲ್ಲ!

‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಪುಕ್ಕಟೆ ಕೊಡುತ್ತೇವೆ ಎಂದರೂ ಜನ ಹಿಂದೆ ಸರಿಯುವ ಒಂದು ಸಂಗತಿ ಇದೆ. ಅದು ವಕೀಲರ ಸೇವೆ. ಉಚಿತ ಕಾನೂನು ನೆರವು ಎಂದೊಡನೆ ‘ಫೀಸು ತಗೊಳ್ಳದ ವಕೀಲ ಕೇಸು ಸರಿಯಾಗಿ ನಡೆಸ್ತಾನಾ?’ ಎಂದು ಕೇಳುತ್ತಾರೆ. ಕಾನೂನು ಕಾಲೇಜಿನಲ್ಲಿದ್ದಾಗ ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಏಕೆಂದರೆ ಆ ಅನುಮಾನ ನಿಜವೆಂದು ಒಮ್ಮೆ ನಾನೇ ತೋರಿಸಿಕೊಟ್ಟಿದ್ದೇನೆ.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ವಕೀಲಿ ವೃತ್ತಿ ಮಾಡುತ್ತೇನೆ. ಸನ್ನದು ಪಡೆದು ಮೂರು ವರ್ಷ ಸೀನಿಯರ್ ಕಚೇರಿಯಲ್ಲಿ ಫೈಲು ಹೊತ್ತ ಮೇಲೆ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರ ಪಟ್ಟಿಗೆ ಅರ್ಜಿ ಹಾಕಿದೆ. ಹೆಸರು ಬಂತು. ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ‘ಬಡವರ ಸೇವೆ’ ಎನ್ನುವ ಪದವನ್ನು ಆಗ ನಾನು ಬಹಳ ಬಳಸುತ್ತಿದ್ದೆ.

ಹಾಗೆ ಬಂದ ಮೊದಲ ಕೇಸುಗಳಲ್ಲಿ ಒಂದು ಜೀವನಾಂಶದ್ದು. ಬ್ಯಾಡಗಿ ಮೆಣಸಿನಕಾಯಿಯ ತುಂಬು ತೆಗೆಯುವ ಕೂಲಿ ಮಾಡುವ ಒಬ್ಬ ಅಕ್ಕ. ಗಂಡ ಬಿಟ್ಟುಹೋಗಿ ನಾಲ್ಕು ವರ್ಷ. ಮಗಳು ಎಸ್ಸೆಸ್ಸೆಲ್ಸಿ. ಬೆಂಡೋಲೆ ಒತ್ತೆಯಿಟ್ಟು ಯಾರಿಗೋ ಕೊಟ್ಟ ದುಡ್ಡು ನೋಟಿಸ್ ಕಳಿಸುವುದರಲ್ಲೇ ಮುಗಿದಿತ್ತು. ಊರಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ‘ಹೆಣ್ಣುಮಕ್ಕಳಿಗೆ ಸರ್ಕಾರ ಪುಕ್ಕಟೆ ವಕೀಲರನ್ನ ಕೊಡ್ತದ’ ಎಂದು ಹೇಳಿ ಕೋರ್ಟ್ ಆವರಣದ ಕಾನೂನು ಸೇವೆಗಳ ಸಮಿತಿ ಕಚೇರಿಗೆ ಕರೆತಂದಿದ್ದರು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಮಾತೇ, ‘ರೊಕ್ಕ ಕೊಡದಿದ್ರ ಕೇಸು ಚಲೋ ನಡಸ್ತೀರೇನ್ರಿ ಮೇಡಂ?’ ನಾನು ನಕ್ಕು, ‘ನೋಡ್ತಾ ಇರ್ರಿ’ ಅಂದೆ.

ಅರ್ಜಿ ಹಾಕಿದೆ. ಹಳೆಯ ಸಿಆರ್‌ಪಿಸಿಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಮುಖ್ಯ ಅರ್ಜಿ ತೀರ್ಮಾನವಾಗುವವರೆಗೆ ಮಧ್ಯಂತರ ಜೀವನಾಂಶ ಕೇಳಲು ಅದರಲ್ಲಿ ಅವಕಾಶವಿದೆ. ನೋಟಿಸ್ ಜಾರಿಯಾದ ದಿನದಿಂದ ಸಾಧ್ಯವಾದಷ್ಟೂ 60 ದಿನಗಳೊಳಗೆ ಆ ಮಧ್ಯಂತರ ಅರ್ಜಿ ಇತ್ಯರ್ಥವಾಗಬೇಕು ಎಂದೂ ಕಾನೂನು ಹೇಳುತ್ತದೆ. ಮಗಳ ಪಿಯು ಪ್ರವೇಶದ ಹೊತ್ತಿಗೆ ಒಂದಿಷ್ಟು ದುಡ್ಡು ಕೈಗೆ ಬರಲಿ ಎಂಬುದು ಆ ಅಕ್ಕನ ಲೆಕ್ಕ. ಏಪ್ರಿಲ್ ಮೂರನೇ ವಾರ ವಾದಕ್ಕೆ ತಾರೀಖು ಬಿತ್ತು.

ಅದೇ ದಿನ ಜಿಲ್ಲಾ ಕೋರ್ಟಿನಲ್ಲಿ ನನ್ನದೊಂದು ಆಸ್ತಿ ಪಾಲಿನ ಕೇಸಿತ್ತು. ಒಳ್ಳೆಯ ಫೀಸು, ಬಿಗಿ ಕಕ್ಷಿದಾರ. ಎರಡರಲ್ಲಿ ಒಂದನ್ನು ಆರಿಸಬೇಕಾಯಿತು. ಸುಳ್ಳು ಹೇಳುವುದಿಲ್ಲ, ಯೋಚಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಗೆಳತಿಗೆ ಫೋನ್ ಮಾಡಿ ‘ಇದೊಂದು ಲೀಗಲ್ ಏಡ್ ಕೇಸು, ತಾರೀಖು ತಗೊಂಡುಬಿಡು’ ಅಂದೆ. ಆಕೆ ತೆಗೆದುಕೊಂಡಳು. ಬೇಸಿಗೆ ರಜೆ ಎದುರಿಗಿತ್ತು. ಜೂನ್ ತಾರೀಖು ಬಿತ್ತು.

ಮರುದಿನ ಆ ಅಕ್ಕ ನನ್ನನ್ನು ಹುಡುಕಿಕೊಂಡು ಬಂದರು. ಹಿಂದಿನ ದಿನ ಸಂಜೆ ಐದರವರೆಗೂ ಕೋರ್ಟ್ ಹಾಲಿನ ಹೊರಗೆ ಕೂತಿದ್ದರಂತೆ. ನಾನೇ ಅವರಿಗೆ ಫೋನ್ ಮಾಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: ‘ಹೋಗ್ಲಿ ಬಿಡ್ರಿ, ಬಸ್ ಚಾರ್ಜ್ ಏನೂ ಇಲ್ವಲ್ಲ.’ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಕೋರ್ಟಿಗೆ ಬರುವುದು ಸುಲಭವಾಗಿದೆ, ನಿಜ. ಆಕೆ ಸಿಟ್ಟಾಗಲಿಲ್ಲ. ಸಮಾಧಾನದಿಂದಲೇ ಹೇಳಿದರು: ‘ಬಸ್ಸು ಪುಕ್ಕಟೆ ಐತ್ರಿ ಮೇಡಂ, ಕೂಲಿ ಪುಕ್ಕಟೆ ಅಲ್ರಿ.’

ಆಮೇಲೆ ಸೆರಗಿನ ತುದಿಯಲ್ಲಿ ಕಟ್ಟಿದ್ದ ಐನೂರರ ಒಂದು ನೋಟು ಬಿಚ್ಚಿ ಮೇಜಿನ ಮೇಲೆ ಇಟ್ಟರು. ‘ಇದನ್ನ ಇಟ್ಕೊಳ್ರಿ. ಮುಂದಿನ ತಾರೀಖಿಗೆ ಬರ್ರಿ.’

ಪ್ಯಾನೆಲ್ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ ಎಂಬುದು ನಿಯಮ. ನೋಟು ವಾಪಸ್ ಕೊಟ್ಟೆ. ಆದರೆ ನಿಯಮ ಪಾಲಿಸಿದ ಹೆಮ್ಮೆ ಆಗಲಿಲ್ಲ, ನಾಚಿಕೆಯಾಯಿತು. ನನ್ನನ್ನು ಕೋರ್ಟಿಗೆ ಬರಿಸಲು ಆಕೆ ಲಂಚ ಕೊಡಬೇಕಾಯಿತು ಎಂದಲ್ಲವೇ ಇದರ ಅರ್ಥ? ಜೂನ್‌ನಲ್ಲಿ ಮಗಳ ಪಿಯು ಪ್ರವೇಶಕ್ಕೆ, ಪುಸ್ತಕಕ್ಕೆ ಆಕೆ ಮುಂದಿನ ಹಂಗಾಮಿನ ಕೂಲಿಯ ಮೇಲೆ ಮುಂಗಡ ತೆಗೆದುಕೊಂಡರು. ಆ ಸಾಲದಲ್ಲಿ ನನ್ನದೂ ಒಂದು ಪಾಲಿದೆ.

ಭಿಕ್ಷೆಯಲ್ಲ, ಹಕ್ಕು

ತಪ್ಪಾದ ಮೇಲೆ ಪುಸ್ತಕ ತೆರೆದು ಕೂತೆ. ಪರೀಕ್ಷೆಗೆಂದು ಓದಿದ್ದನ್ನೇ ಮತ್ತೆ ಓದಿದೆ. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ, ಹಣವಿಲ್ಲದ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗದಂತೆ ಉಚಿತ ನೆರವು ಒದಗಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. 1978ರ ಹೊಸ್ಕೋಟ್ ಪ್ರಕರಣದಲ್ಲಿ ಆರೋಪಿ ಮಾಡಲು ಹೊರಟಿದ್ದು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಮುದ್ರೆ! ಅವನ ಶಿಕ್ಷೆ ರದ್ದಾಗಲಿಲ್ಲ. ಆದರೆ ಜೈಲಿನಲ್ಲಿರುವವರಿಗೆ ಮೇಲ್ಮನವಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ವಕೀಲರನ್ನು ಒದಗಿಸಬೇಕು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ಹೇಳಿದರು. ತಪ್ಪಿತಸ್ಥನಿಗೂ ಇರುವ ಹಕ್ಕು, ಯಾವ ತಪ್ಪೂ ಮಾಡದ ಆ ಅಕ್ಕನಿಗೆ ಇಲ್ಲವೇ?

1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು. ಜಾರಿಯಾದದ್ದು 1995ರ ನವೆಂಬರ್ 9ರಂದು. ಆ ದಿನವನ್ನೇ ನಾವು ಕಾನೂನು ಸೇವೆಗಳ ದಿನವಾಗಿ ಆಚರಿಸುತ್ತೇವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಕಳ್ಳಸಾಗಣೆಗೆ ಸಿಕ್ಕವರು, ನೆರೆ–ಬರ–ಭೂಕಂಪದ ಸಂತ್ರಸ್ತರು – ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯೊಳಗಿರಬೇಕು. ವಕೀಲರ ಫೀಸು ಮಾತ್ರವಲ್ಲ, ಕೋರ್ಟ್ ಶುಲ್ಕ, ದಾಖಲೆಗಳ ಪ್ರತಿಯ ಖರ್ಚನ್ನೂ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೂ ಅರ್ಜಿ ಬರೆದುಕೊಳ್ಳಬೇಕು. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ಇನ್ನು ನಮ್ಮ ಪಾಲು. ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಿಯಮಗಳಲ್ಲಿ, ತನ್ನ ಆರ್ಥಿಕ ಸ್ಥಿತಿಗೆ ತಕ್ಕಂತೆ ಬಡವರಿಗೆ ಉಚಿತ ನೆರವು ನೀಡುವುದು ಸಮಾಜಕ್ಕೆ ವಕೀಲ ಸಲ್ಲಿಸಬೇಕಾದ ಅತ್ಯುನ್ನತ ಹೊಣೆಗಳಲ್ಲಿ ಒಂದು ಎಂದಿದೆ. ಹೊಣೆ ಎಂದಿದೆ, ದಾನ ಎಂದಿಲ್ಲ. ನಾನು ‘ಬಡವರ ಸೇವೆ’ ಎಂದು ಹೇಳಿಕೊಂಡು ತಿರುಗಿದ್ದರಲ್ಲೇ ತಪ್ಪಿತ್ತು. ಸೇವೆ ಎಂದುಕೊಂಡವರು ಬಿಡುವಿದ್ದಾಗ ಮಾಡುತ್ತಾರೆ. ಹೊಣೆ ಎಂದುಕೊಂಡವರು ತಾರೀಖಿಗೆ ಸರಿಯಾಗಿ ಹೋಗುತ್ತಾರೆ.

ನೀವೂ ಕೈಜೋಡಿಸಬಹುದು

ಈ ಪುಟ ಓದುವವರಲ್ಲಿ ಕಾನೂನು ವಿದ್ಯಾರ್ಥಿಗಳು ಇರುತ್ತೀರಿ, ಕೆಲಸ ಹುಡುಕುತ್ತಿರುವ ಹೊಸ ವಕೀಲರೂ ಇರುತ್ತೀರಿ. ದಾರಿಗಳು ಹಲವಿವೆ.

ಕಾನೂನು ಪದವಿ ಓದುತ್ತಿದ್ದರೆ ನಿಮ್ಮ ಕಾಲೇಜಿನ ಕಾನೂನು ನೆರವು ಕೇಂದ್ರಕ್ಕೆ ಸೇರಿ. ಶಿಬಿರದಲ್ಲಿ ಫೋಟೊ ತೆಗೆಸಿಕೊಂಡು ಬರಬೇಡಿ. ಒಬ್ಬರ ಅರ್ಜಿಯನ್ನಾದರೂ ಕೊನೆಯವರೆಗೆ ಹಿಂಬಾಲಿಸಿ. ಕಾನೂನು ಓದದವರೂ ಪ್ಯಾರಾ ಲೀಗಲ್ ವಾಲಂಟಿಯರ್ ಆಗಬಹುದು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸಮಾಜಕಾರ್ಯ ವಿದ್ಯಾರ್ಥಿಗಳು, ನಿವೃತ್ತ ನೌಕರರು ಈ ಕೆಲಸದಲ್ಲಿದ್ದಾರೆ. ಇವರು ವಾದ ಮಾಡುವುದಿಲ್ಲ. ನೊಂದವರನ್ನು ಸರಿಯಾದ ಬಾಗಿಲಿಗೆ ಕರೆತರುತ್ತಾರೆ. ಆ ಅಕ್ಕನಿಗೆ ಯಾರೋ ಒಬ್ಬರು ದಾರಿ ತೋರಿಸದಿದ್ದರೆ ಬೆಂಡೋಲೆಯ ನಂತರ ಇನ್ನೇನು ಒತ್ತೆಗೆ ಹೋಗುತ್ತಿತ್ತೋ!

ವಕೀಲರಾಗಿ ಸಾಮಾನ್ಯವಾಗಿ ಮೂರು ವರ್ಷವಾದ ಮೇಲೆ ಪ್ಯಾನೆಲ್‌ಗೆ ಅರ್ಜಿ ಹಾಕಬಹುದು. ಇಲ್ಲಿ ಪ್ರಾಧಿಕಾರ ಗೌರವಧನ ಕೊಡುತ್ತದೆ. ಖಾಸಗಿ ಫೀಸಿನಷ್ಟು ಇರುವುದಿಲ್ಲ. ಯಾವ ಹಣವೂ ಇಲ್ಲದೆ ಕೇಸು ನಡೆಸಲು ಮನಸ್ಸಿರುವವರು ಕೇಂದ್ರ ನ್ಯಾಯ ಇಲಾಖೆಯ ‘ನ್ಯಾಯ ಬಂಧು’ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು. ಯಾವ ಬಗೆಯ ಕೇಸು, ಯಾವ ಊರು ಎಂಬುದನ್ನು ತಿಳಿಸಿದರೆ ಅರ್ಹ ಕಕ್ಷಿದಾರರ ಸಂಪರ್ಕ ಸಿಗುತ್ತದೆ. ಕ್ರಿಮಿನಲ್ ಕೇಸುಗಳಲ್ಲಿ ಆಸಕ್ತಿ ಇರುವ ಹೊಸಬರಿಗೆ ಇನ್ನೊಂದು ದಾರಿಯಿದೆ. 2022ರಿಂದ ಜಿಲ್ಲೆಗಳಲ್ಲಿ ಬಂದಿರುವ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆಯಲ್ಲಿ ಮೂರು ವರ್ಷದೊಳಗಿನ ಅನುಭವದವರಿಗೂ ಸಹಾಯಕ ಹುದ್ದೆಗಳಿವೆ. ಇದು ಗುತ್ತಿಗೆ ಆಧಾರದ ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ.

ಯಾವ ದಾರಿ ಹಿಡಿದರೂ ನನ್ನ ತಪ್ಪಿನಿಂದ ಕಲಿತ ನಾಲ್ಕು ಮಾತು ಕೇಳಿ. ಕೈಗೆಟಕುವಷ್ಟೇ ಕೇಸು ತೆಗೆದುಕೊಳ್ಳಿ. ನಾನೀಗ ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಉಚಿತ ಕೇಸು ಹಿಡಿಯುವುದಿಲ್ಲ. ಉಚಿತ ಕೇಸಿನ ತಾರೀಖಿಗೆ ಬೇರೆ ಡೈರಿ ಬೇಡ. ಫೀಸಿನ ಕೇಸಿರುವ ಪುಟದಲ್ಲೇ ಅದೂ ಇರಲಿ. ಎರಡು ಕೇಸು ಒಂದೇ ದಿನ ಬಂದರೆ ಯಾವುದು ಮುಂದಕ್ಕೆ ಹೋದರೆ ಯಾರ ಅನ್ನಕ್ಕೆ ಕುತ್ತು ಎಂದು ಕೇಳಿಕೊಳ್ಳಿ. ತಾರೀಖು ಮುಂದೂಡುವುದು ಖಚಿತವಾದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ. ಒಂದು ನಿಮಿಷದ ಕರೆ ಒಬ್ಬರ ಒಂದು ದಿನದ ಕೂಲಿ ಉಳಿಸುತ್ತದೆ.

ಜೂನ್ ತಾರೀಖಿಗೆ ನಾನು ಹತ್ತೂವರೆಗೇ ಕೋರ್ಟ್ ಹಾಲಿನಲ್ಲಿದ್ದೆ. ವಾದವಾಯಿತು, ಮಧ್ಯಂತರ ಜೀವನಾಂಶದ ಆದೇಶವೂ ಆಯಿತು. ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಗಂಡ ಎರಡು ತಿಂಗಳು ಕಟ್ಟಿ ನಿಲ್ಲಿಸಿದ. ವಸೂಲಿಗೆ ಮತ್ತೊಂದು ಅರ್ಜಿ ಹಾಕಿದ್ದೇವೆ. ಮಂಡಿಯ ಮುಂಗಡ ಇನ್ನೂ ಪೂರ್ತಿ ತೀರಿಲ್ಲ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ.

ಕಳೆದ ವಾರ ಸಮಿತಿ ಕಚೇರಿಯ ಬಾಗಿಲಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದರು. ಕೈಬೆರಳೆಲ್ಲ ಮೆಣಸಿನಕಾಯಿಯ ಕೆಂಪು. ಒಳಗೆ ಬರಲು ಹಿಂಜರಿಯುತ್ತಲೇ ಕೇಳಿದರು: ‘ರೊಕ್ಕ ಇಸ್ಕೊಳ್ಳದಿದ್ರೂ ತಾರೀಖಿಗೆ ಬರ್ತಾರಂತಲ್ರಿ, ಆ ಮೇಡಂ ನೀವೇನ್ರಿ?’

‘ಹೌದ್ರಿ, ಒಳಗ ಬರ್ರಿ’ ಎಂದು ಕುರ್ಚಿ ಎಳೆದುಕೊಟ್ಟೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಫೀಸು ನನಗಿನ್ನೂ ಸಿಕ್ಕಿಲ್ಲ.