ಪುಷ್ಪಕಕ್ಕೆ ಪೆಟ್ಟಿಗೆಯಲ್ಲಿ ಜಾಗವಿಲ್ಲ

ಶಿವಮೊಗ್ಗದ ಆಕಾಶಕ್ಕೆ ವಿಮಾನ ಹೊಸ ನೆಂಟ. ಸೋಗಾನೆಯ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿಳಿಯಿತು. ರೈಲು, ಬಸ್ಸು, ಲಾರಿಗಳ ಆಟಿಕೆಯಲ್ಲೇ ತೃಪ್ತಿಪಡುತ್ತಿದ್ದ ಊರಿನ ಮಕ್ಕಳು ಈಗ ವಿಮಾನ ಬೇಕೆಂದು ಹಟ ಹಿಡಿದರೆ ಆಶ್ಚರ್ಯವೇನೂ ಇಲ್ಲ.

ಸಣ್ಣ ಮಕ್ಕಳ ಹಟ ಬ್ಯಾಟರಿ ಹಾಕಿದರೆ ಕಿರುಚುವ ಜೆಟ್ ವಿಮಾನದಿಂದ ತೀರುತ್ತದೆ. ಆದರೆ ಹತ್ತು ಹನ್ನೆರಡು ದಾಟಿದ ಮಕ್ಕಳಿಗೆ ಅದು ಸಾಲದು. ಅವರಿಗೆ ಬೇಕಾದದ್ದು ನಿಜವಾದ ವಿಮಾನದ ಅಳತೆಗೆ ಸರಿಯಾಗಿ ಕುಗ್ಗಿಸಿದ, ಬಿಡಿಭಾಗಗಳನ್ನು ಜೋಡಿಸಿ ತಾವೇ ಕಟ್ಟುವ ಮಾದರಿ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುವ ರೆಕ್ಕೆ, ಚಕ್ರ, ಬಾಲಗಳನ್ನು ಕತ್ತರಿಸಿ ತೆಗೆದು, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಇದಕ್ಕೆ ಮಾದರಿ ಕಿಟ್ ಎಂದು ಹೆಸರು. ಪ್ರಪಂಚದಾದ್ಯಂತ ಲಕ್ಷಾಂತರ ಮಂದಿಗೆ, ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗೆ, ಇದೊಂದು ಹವ್ಯಾಸ.

ಈ ಹವ್ಯಾಸದಲ್ಲಿ ಒಂದು ವಿಚಿತ್ರವಿದೆ. ಕಿಟ್‌ಗಳ ಯಾವ ದೊಡ್ಡ ಪಟ್ಟಿಯನ್ನು ತೆರೆದರೂ ಯುದ್ಧ ವಿಮಾನಗಳದೇ ರಾಜ್ಯಭಾರ. ಅವುಗಳ ಹಿಂದೆ ದೊಡ್ಡ ಪ್ರಯಾಣಿಕ ವಿಮಾನಗಳು. ಒಬ್ಬಿಬ್ಬರು ಕೂತು ಹಾರುವ, ಹಾರಾಟ ಕಲಿಸುವ, ಟಪಾಲು ಒಯ್ಯುವ, ಹೊಲಕ್ಕೆ ಔಷಧಿ ಸಿಂಪಡಿಸುವ ನಾಗರಿಕ ಲಘು ವಿಮಾನಗಳನ್ನು ಮಾತ್ರ ಭೂತಗನ್ನಡಿ ಹಿಡಿದು ಹುಡುಕಬೇಕು. ದೂರದ ದೇಶದವರ ಗೋಳು ಇದೆಂದು ಸುಮ್ಮನಿರುವಂತಿಲ್ಲ. ಇಂಥ ಲಘು ವಿಮಾನಗಳನ್ನು ದಶಕಗಳ ಕಾಲ ಕಟ್ಟಿದ್ದು ನಮ್ಮ ಬೆಂಗಳೂರು.

ಬೆಂಗಳೂರಿನ ಸಾಧು ಹಕ್ಕಿಗಳು

ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಬೆಂಬಲದೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದು 1940ರ ಡಿಸೆಂಬರ್‌ನಲ್ಲಿ. ಇಂದು ಎಚ್‌ಎಎಲ್ ಎಂದರೆ ಎಲ್ಲರಿಗೂ ನೆನಪಾಗುವುದು ಯುದ್ಧ ವಿಮಾನ, ಹೆಲಿಕಾಪ್ಟರ್. ಆದರೆ ಈ ಕಾರ್ಖಾನೆ ಸ್ವಂತ ವಿನ್ಯಾಸದಿಂದ ಮೊದಲು ಹಾರಿಸಿದ್ದು ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನವನ್ನು, 1951ರ ಆಗಸ್ಟ್‌ನಲ್ಲಿ. ಜರ್ಮನಿಯ ಗಟಿಂಗನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಓದಿ ಬಂದ ಡಾ. ವಿ.ಎಂ. ಘಾಟಗೆ ಅದರ ವಿನ್ಯಾಸದ ಮುಂದಾಳು. ಭಾರತೀಯ ವಾಯುಪಡೆಯ ಪೈಲಟ್‌ಗಳ ಒಂದು ಇಡೀ ತಲೆಮಾರು ಇದರಲ್ಲಿ ಅಕ್ಷರಾಭ್ಯಾಸ ಮಾಡಿತು. ಆಫ್ರಿಕದ ಘಾನಾ ದೇಶದ ವಾಯುಪಡೆಗೂ ಇದು ಹೋಯಿತು.

ಅದರ ಬೆನ್ನಿಗೇ 1958ರ ಸೆಪ್ಟೆಂಬರ್‌ನಲ್ಲಿ ಹಾರಿದ್ದು ಪುಷ್ಪಕ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಒಡಲು, ತಲೆಯ ಮೇಲೆ ರೆಕ್ಕೆ, ಮೂಗಿನಲ್ಲಿ 90 ಅಶ್ವಶಕ್ತಿಯ ಎಂಜಿನ್. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿದಿರುತ್ತಿತ್ತಂತೆ. ಎಚ್‌ಎಎಲ್‌ನ ಪುಷ್ಪಕದಲ್ಲಿ ಇದ್ದದ್ದು ಎರಡೇ ಸೀಟು: ಒಂದು ಗುರುವಿಗೆ, ಪಕ್ಕದ್ದು ಶಿಷ್ಯನಿಗೆ. ಸುಮಾರು 150 ಪುಷ್ಪಕಗಳು ತಯಾರಾಗಿ ಬಹುಪಾಲು ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಮುಂದೆ ದೊಡ್ಡ ವಿಮಾನಗಳ ಕ್ಯಾಪ್ಟನ್‌ಗಳಾದ ಎಷ್ಟೋ ಮಂದಿ ಮೊದಲು ನೆಲ ಬಿಟ್ಟೇಳಲು ಕಲಿತದ್ದು ಇದರಲ್ಲೇ.

ಪುಷ್ಪಕವನ್ನೇ ಕೊಂಚ ಹಿಗ್ಗಿಸಿದಂತೆ ಬಂದದ್ದು ಕೃಷಕ್. ಹೆಸರು ರೈತನದಾದರೂ ಕೊನೆಗೆ ಅದು ಸೇರಿದ್ದು ಸೇನೆಯ ವೀಕ್ಷಣಾ ಕೆಲಸಕ್ಕೆ. 1970ರ ದಶಕದಲ್ಲಿ ಪೈರಿಗೆ ಔಷಧಿ ಸಿಂಪಡಿಸಲೆಂದೇ ಬಸಂತ್ ಎಂಬ ಒಂಟಿ ಸೀಟಿನ ವಿಮಾನ ಬಂತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ಹಂಸ 1993ರ ನವೆಂಬರ್‌ನಲ್ಲಿ ಮೊದಲು ಹಾರಿತು. ಅದರ ಹೊಸ ಅವತಾರ 2021ರ ಸೆಪ್ಟೆಂಬರ್‌ನಲ್ಲಿ. ಪುಷ್ಪಕ, ಕೃಷಕ್, ಬಸಂತ್, ಹಂಸ ಎಂಬ ಹೆಸರುಗಳನ್ನು ಒಟ್ಟಿಗೆ ಓದಿ ನೋಡಿ. ಒಂದಕ್ಕೂ ಕೋರೆಹಲ್ಲಿಲ್ಲ. ಸ್ಪಿಟ್‌ಫೈರ್ ಎಂದರೆ ಬೆಂಕಿ ಉಗುಳುವುದು, ಹಂಟರ್ ಎಂದರೆ ಬೇಟೆಗಾರ, ವ್ಯಾಂಪೈರ್ ಎಂದರೆ ರಕ್ತ ಹೀರುವ ಪಿಶಾಚಿ. ಕಿಟ್ ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣುವುದು ಈ ಎರಡನೆಯ ಪಂಗಡವೇ.

ಯುದ್ಧದ ಮಡಿಲಲ್ಲಿ ಹುಟ್ಟಿದ ಹವ್ಯಾಸ

ಹೀಗೇಕೆ? ಕಾರಣ ಹವ್ಯಾಸದ ಹುಟ್ಟಿನಲ್ಲೇ ಇದೆ. ವಿಮಾನ ಕಿಟ್‌ಗಳಲ್ಲಿ ಬಹಳ ಪ್ರಚಲಿತವಾದ ಅಳತೆ 72ಕ್ಕೆ 1. ಅಂದರೆ ಆರು ಅಡಿಯ ಮನುಷ್ಯ ಒಂದು ಅಂಗುಲವಾಗುತ್ತಾನೆ. ಬ್ರಿಟನ್ನಿನ ಫ್ರಾಗ್ ಸಂಸ್ಥೆ ಈ ಅಳತೆಯಲ್ಲಿ ಪ್ಲಾಸ್ಟಿಕ್ ಕಿಟ್‌ಗಳನ್ನು ಮಾರಾಟಕ್ಕೆ ತಂದದ್ದು 1936ರಲ್ಲಿ. ಎರಡನೆಯ ಮಹಾಯುದ್ಧ ಬಂದಾಗ ಮಾದರಿಗಳಿಗೆ ಬೇರೆಯೇ ಕೆಲಸ ಸಿಕ್ಕಿತು. ಆಕಾಶದಲ್ಲಿ ಕಾಣುವ ಚುಕ್ಕೆ ನಮ್ಮ ವಿಮಾನವೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸುವುದು ಸೈನಿಕರಿಗೆ ಪ್ರಾಣದ ಪ್ರಶ್ನೆ. ಈ ತರಬೇತಿಗಾಗಿ 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಮುಂದಾಯಿತು. ಅಳತೆ ಅದೇ, 72ಕ್ಕೆ 1. ಹಾರಾಟ ಕಲಿಸುವ ಸಾಧು ವಿಮಾನವನ್ನು ಹಾಗೆ ಗುರುತಿಸುವ ತುರ್ತು ಯಾರಿಗೂ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಮಾರುಕಟ್ಟೆ ಹಿಡಿದದ್ದು ಬ್ರಿಟನ್ನಿನ ಏರ್‌ಫಿಕ್ಸ್. ನಿಕೊಲಾಸ್ ಕೋವ್ ಎಂಬ ಹಂಗೇರಿ ಮೂಲದವರು 1939ರಲ್ಲಿ ಸ್ಥಾಪಿಸಿದ ಈ ಕಂಪನಿ ಮೊದಲು ಮಾರುತ್ತಿದ್ದದ್ದು ಆಟಿಕೆ ಮತ್ತು ಬಾಚಣಿಗೆ. 1950ರ ದಶಕದಲ್ಲಿ ಅದು ಹೊರತಂದ ಸ್ಪಿಟ್‌ಫೈರ್ ಕಿಟ್ ವೂಲ್ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗ್‌ಗೆ ಸಿಗುತ್ತಿತ್ತು. ಅಪ್ಪ, ಚಿಕ್ಕಪ್ಪಂದಿರ ಯುದ್ಧದ ಕಥೆ ಕೇಳಿ ಬೆಳೆದ ಹುಡುಗರು ಅದನ್ನು ಮುಗಿಬಿದ್ದು ಕೊಂಡರು. ಆ ಹುಡುಗರು ಬೆಳೆದು ಮುದುಕರಾದರೂ ಅಭಿರುಚಿ ಬದಲಾಗಲಿಲ್ಲ. ತಯಾರಕರೂ ಅದೇ ಜಾಡು ಹಿಡಿದರು.

ಕುತೂಹಲದ ಸಂಗತಿಯೆಂದರೆ ಇದೇ ಏರ್‌ಫಿಕ್ಸ್‌ನ ಮೊದಲ ಮಾದರಿ ವಿಮಾನವೇ ಅಲ್ಲ, ಫರ್ಗೂಸನ್ ಟ್ರ್ಯಾಕ್ಟರ್! ಟ್ರ್ಯಾಕ್ಟರ್ ಕಂಪನಿಯೇ ತನ್ನ ಪ್ರಚಾರಕ್ಕೆಂದು 1940ರ ದಶಕದ ಕೊನೆಯಲ್ಲಿ ಅದನ್ನು ಮಾಡಿಸಿಕೊಂಡಿತು. ಸಾಧು ಯಂತ್ರಕ್ಕೂ ಕಿಟ್ ಬರುತ್ತದೆ. ಆದರೆ ಯಾರಾದರೂ ಹೇಳಿ ಮಾಡಿಸಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅಚ್ಚಿನ ಲೆಕ್ಕಾಚಾರ

ಅಭಿರುಚಿಯ ಜೊತೆ ಹಣದ ಮಾತೂ ಇದೆ. ಅಚ್ಚು, ಎರಕ ಎಂದರೇನೆಂದು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಊರು ಅದು. ಎರಕಕ್ಕೆ ಮೊದಲು ಮರದಲ್ಲಿ ಪಡಿಯಚ್ಚು ಕೆತ್ತಬೇಕು, ಅದರ ಸುತ್ತ ಮರಳು ತುಂಬಬೇಕು. ಒಂದು ಎರಕ ತೆಗೆದ ಮೇಲೆ ಮರಳಿನ ಅಚ್ಚು ಒಡೆದುಹೋಗುತ್ತದೆ, ಮರದ ಪಡಿಯಚ್ಚು ಉಳಿಯುತ್ತದೆ. ಪ್ಲಾಸ್ಟಿಕ್ ಕಿಟ್‌ನ ಅಚ್ಚು ಇದಕ್ಕೆ ವಿರುದ್ಧ. ಗಟ್ಟಿ ಉಕ್ಕಿನಲ್ಲಿ ಕೂದಲೆಳೆಯಷ್ಟು ನಾಜೂಕಾಗಿ ಕೊರೆದ ಆ ಅಚ್ಚಿನಿಂದ ಸಾವಿರಾರು ಬಾರಿ ಪ್ಲಾಸ್ಟಿಕ್ ಭಾಗಗಳನ್ನು ತೆಗೆಯಬಹುದು. ಆದರೆ ಮೊದಲ ಕಿಟ್ ಮಾರುವ ಮೊದಲೇ ಅಚ್ಚಿನ ಮೇಲೆ ಲಕ್ಷಗಟ್ಟಲೆ ಹಣ ಸುರಿದಿರಬೇಕು. ಸಾವಿರಾರು ಕಿಟ್ ಮಾರಾಟವಾದರಷ್ಟೇ ಆ ದುಡ್ಡು ವಾಪಸು.

ಹೀಗಾಗಿ ತಯಾರಕ ಕೇಳುವ ಪ್ರಶ್ನೆ ಒಂದೇ: ಒಂದು ಅಚ್ಚಿನಿಂದ ಎಷ್ಟು ಬಗೆಯ ಪೆಟ್ಟಿಗೆ ಮಾರಬಹುದು? ಯುದ್ಧ ವಿಮಾನವಾದರೆ ಸುಲಭ. ಒಂದೇ ಸ್ಪಿಟ್‌ಫೈರ್‌ಗೆ ಹತ್ತು ದೇಶಗಳ, ನೂರು ಸ್ಕ್ವಾಡ್ರನ್‌ಗಳ ಗುರುತು ಅಂಟಿಸಿ ಮತ್ತೆ ಮತ್ತೆ ಮಾರಬಹುದು. ಫ್ಲೈಯಿಂಗ್ ಕ್ಲಬ್‌ನ ವಿಮಾನದ ಹಣೆಬರಹ ಬೇರೆ. ಒಂದೊಂದಕ್ಕೂ ಒಂದೊಂದು ಬಣ್ಣ, ಒಂದೊಂದು ನೋಂದಣಿ ಅಕ್ಷರ. ಆ ಊರಿನವರನ್ನು ಬಿಟ್ಟರೆ ಬೇರೆಯವರಿಗೆ ಅದರ ನಂಟಿಲ್ಲ. ಕಟ್ಟುವುದೂ ಕಷ್ಟ. ದೊಡ್ಡ ಕಿಟಕಿಗಳೊಳಗೆ ಸೀಟು, ಹಿಡಿಕೆ, ಮೀಟರುಗಳೆಲ್ಲ ಕಾಣುತ್ತವೆ. ರೆಕ್ಕೆಗೆ ಆತುಕೊಟ್ಟ ಕಡ್ಡಿಗಳು ಸೂಜಿಯಷ್ಟು ತೆಳು.

ಗಾತ್ರ ಸಣ್ಣದೆಂಬ ಸಬೂಬು ಮಾತ್ರ ನಿಲ್ಲುವುದಿಲ್ಲ. ಸ್ಪಿಟ್‌ಫೈರ್‌ನ ರೆಕ್ಕೆಯ ಹರವು 11.23 ಮೀಟರ್, ಪುಷ್ಪಕದ್ದು 10.97 ಮೀಟರ್. 72ಕ್ಕೆ ಭಾಗಿಸಿದರೆ ಮೊದಲನೆಯದು ಹದಿನೈದೂವರೆ ಸೆಂಟಿಮೀಟರ್, ಎರಡನೆಯದು ಹದಿನೈದು ಚಿಲ್ಲರೆ. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣಬಹುದು.

ಸಂಖ್ಯೆಯ ಸಬೂಬೂ ಅಷ್ಟೆ. ಪ್ರಪಂಚದಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಯಾವುದೆಂದು ಕೇಳಿದರೆ ಉತ್ತರ ಯುದ್ಧ ವಿಮಾನವಲ್ಲ. 1955ರಲ್ಲಿ ಮೊದಲು ಹಾರಿದ ಸೆಸ್ನಾ 172 ಎಂಬ ನಾಲ್ಕು ಸೀಟಿನ ಲಘು ವಿಮಾನ. 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಸುಮಾರು 20 ಸಾವಿರ ತಯಾರಾದ ಸ್ಪಿಟ್‌ಫೈರ್‌ಗೆ ಬಂದ ಕಿಟ್‌ಗಳ ಮುಂದೆ ಇದಕ್ಕೆ ಬಂದವು ಬೆರಳೆಣಿಕೆಯಷ್ಟು. ಲಘು ವಿಮಾನ ಪೆಟ್ಟಿಗೆಯೊಳಗೆ ಬರಬೇಕಾದರೆ ಒಂದೋ ಅದು ಸಮವಸ್ತ್ರ ತೊಡಬೇಕು. ಅಮೆರಿಕದ ಪೈಪರ್ ಕಬ್ ಸೇನೆಯ ಹಸಿರು ಬಣ್ಣ ಬಳಿದುಕೊಂಡು ಬಂದಂತೆ. ಇಲ್ಲವೇ ಜಗತ್ಪ್ರಸಿದ್ಧವಾಗಬೇಕು, 1927ರಲ್ಲಿ ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್ ವಿಮಾನದಂತೆ.

ನಮ್ಮ ನೆಲದ ವಿಮಾನಗಳಲ್ಲೂ ಇದೇ ತಾರತಮ್ಯ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ತಯಾರಿಸಿದ ನ್ಯಾಟ್ 1965ರ ಯುದ್ಧದಲ್ಲಿ ಹೆಸರು ಮಾಡಿತು. ಏರ್‌ಫಿಕ್ಸ್ ನ್ಯಾಟ್‌ನ ಕಿಟ್ಟನ್ನು ದಶಕಗಳ ಕಾಲ ಮಾರಿದೆ. ಆದರೆ ಅದು ಎರಡು ಸೀಟಿನ ಬ್ರಿಟಿಷ್ ತರಬೇತಿ ರೂಪ. ಮೈಮೇಲೆ ರೆಡ್ ಆರೋಸ್ ತಂಡದ ಕೆಂಪು ಬಣ್ಣ. ನ್ಯಾಟ್‌ಗೆ ಪರರ ಅಂಗಿಯಾದರೂ ದಕ್ಕಿತು. ಪುಷ್ಪಕ, ಬಸಂತ್‌ಗಳ ಕಡೆ ದೊಡ್ಡ ತಯಾರಕರು ತಿರುಗಿ ನೋಡಲಿಲ್ಲ.

ಇದ್ದಬದ್ದ ವಿದೇಶಿ ಕಿಟ್ಟೂ ಭಾರತದಲ್ಲಿ ಅಗ್ಗವಲ್ಲ. ದೇಶಿ ಆಟಿಕೆ ಉದ್ಯಮದ ರಕ್ಷಣೆಗೆಂದು ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳೂ ಆಟಿಕೆಗಳ ಸಾಲಿನಲ್ಲೇ ಇವೆ. ಚನ್ನಪಟ್ಟಣದ ಬೊಂಬೆಗೆ ಇದರಿಂದ ಅನುಕೂಲವಾದೀತು. ಆದರೆ ಭಾರತದಲ್ಲಿ ಯಾರೂ ಪುಷ್ಪಕದ ಕಿಟ್ ಮಾಡದಿರುವಾಗ ರಕ್ಷಣೆ ಸಿಕ್ಕಿದ್ದು ಯಾವ ಕಿಟ್ಟಿಗೆ ಎಂಬ ಪ್ರಶ್ನೆ ಉಳಿಯುತ್ತದೆ.

ಆಟಿಕೆಯೋ ದಾಖಲೆಯೋ?

ಹೋಗಲಿ, ಒಂದು ಆಟಿಕೆ ಇಲ್ಲದಿದ್ದರೆ ಪ್ರಳಯವಾಗುತ್ತದೆಯೆ ಎಂದು ಕೇಳಬಹುದು. ಆಗುವುದಿಲ್ಲ. ಆದರೆ ಕಿಟ್ ಮಾಡಬೇಕೆಂದರೆ ಯಾರಾದರೂ ವಿಮಾನದ ಮುಂದೆ ನಿಂತು ಅದರ ಅಳತೆ ತೆಗೆಯಬೇಕು. ರೆಕ್ಕೆಯ ಬಾಗು, ಬಾಗಿಲಿನ ಅಗಲ, ಬಣ್ಣದ ಛಾಯೆ ಎಲ್ಲವನ್ನೂ ಬರೆದಿಡಬೇಕು. ಹವ್ಯಾಸಿಗಳು ಜಗಳವಾಡಿ ತಪ್ಪು ತಿದ್ದುತ್ತಾರೆ. ಹೀಗೆ ಸ್ಪಿಟ್‌ಫೈರ್‌ನ ಪ್ರತಿಯೊಂದು ಮೊಳೆಯೂ ಪುಸ್ತಕಗಳಲ್ಲಿ ದಾಖಲಾಗಿದೆ. ಕಿಟ್ ಇಲ್ಲದ ವಿಮಾನಕ್ಕೆ ಈ ಭಾಗ್ಯವಿಲ್ಲ. ಹಾರುವ ಕಾಲ ಮುಗಿದ ಲಘು ವಿಮಾನ ಹ್ಯಾಂಗರಿನ ಮೂಲೆಯಲ್ಲೋ ಕಾಲೇಜಿನ ಅಂಗಳದಲ್ಲೋ ನಿಲ್ಲುತ್ತದೆ. ಮೊದಲು ಬಟ್ಟೆ ಹರಿಯುತ್ತದೆ, ಆಮೇಲೆ ಕೊಳವೆ ತುಕ್ಕು ಹಿಡಿಯುತ್ತದೆ, ಕೊನೆಗೆ ಗುಜರಿ. ಲೋಹದ ಮೈಯ ಯುದ್ಧ ವಿಮಾನವನ್ನು ವೃತ್ತದಲ್ಲಿ ಕಂಬದ ಮೇಲೆ ನಿಲ್ಲಿಸಿ ಮೆರೆಸಬಹುದು. ಬಟ್ಟೆಯ ಪುಷ್ಪಕ ಒಂದು ಮಲೆನಾಡಿನ ಮಳೆಗಾಲಕ್ಕೂ ತಡೆಯಲಾರದು.

ನಮ್ಮ ನಾಗರಿಕ ವಿಮಾನಯಾನ ಶುರುವಾದದ್ದೇ ಲಘು ವಿಮಾನದಿಂದ ಎಂಬುದನ್ನು ಮರೆಯುವಂತಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ. ಸೋಗಾನೆಗೆ ಬಂದಿಳಿದ ವಿಮಾನದ ವಂಶವೃಕ್ಷ ಹುಡುಕುತ್ತ ಹೋದರೆ ಬೇರಿನಲ್ಲಿ ಸಿಗುವುದು ಇಂಥ ವಿಮಾನವೇ.

ದಾರಿಗಳಿಲ್ಲದೆ ಇಲ್ಲ. ಜೆಕ್ ದೇಶದ ಸಣ್ಣ ತಯಾರಕರು ತಮ್ಮ ನಾಡಿನ ಲಘು ವಿಮಾನಗಳ ಕಿಟ್‌ಗಳನ್ನು ತಾವೇ ಹೊರತಂದಿದ್ದಾರೆ. ಉಕ್ಕಿನ ಅಚ್ಚಿನ ಬದಲು ರಬ್ಬರ್ ಅಚ್ಚಿನಲ್ಲಿ ರೆಸಿನ್ ಎರಕ ಹೊಯ್ದರೆ ಕೆಲವೇ ಡಜನ್ ಪ್ರತಿಗಳನ್ನು ಕಡಿಮೆ ಖರ್ಚಿನಲ್ಲಿ ತೆಗೆಯಬಹುದು. ಮೂರು ಆಯಾಮದ ಮುದ್ರಣ ಯಂತ್ರ ಬಂದ ಮೇಲೆ ಅಚ್ಚೇ ಬೇಡ. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಸಾಕು. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಮಾದರಿ ವಿಮಾನ ಕಟ್ಟುವುದು ಪಾಠದ ಭಾಗವೇ ಆಗಿದೆ. ಸಾಗರ, ಸೊರಬದ ಗುಡಿಗಾರರ ಉಳಿಗೆ ಮರದಲ್ಲಿ ಮೂಡದ ಆಕಾರವಿಲ್ಲ. ಭದ್ರಾವತಿಯಲ್ಲಿ ಪಡಿಯಚ್ಚಿನ ಕಸುಬು ಬಲ್ಲ ಕೈಗಳಿವೆ. ಇವರೆಲ್ಲರಿಗೂ ಬೇಕಾದದ್ದು ಸರಿಯಾದ ಅಳತೆಯ ನಕ್ಷೆ ಮಾತ್ರ.

ಅದನ್ನು ಕೊಡಬಲ್ಲವರು ವಿಮಾನ ಕಟ್ಟಿದವರೇ. ಫರ್ಗೂಸನ್ ಕಂಪನಿ ತನ್ನ ಟ್ರ್ಯಾಕ್ಟರಿಗೆ ಮಾಡಿದ ಕೆಲಸವನ್ನು ನಮ್ಮ ವಿಮಾನ ಸಂಸ್ಥೆಗಳೂ ಮಾಡಬಹುದು. 2001ರಲ್ಲಿ ತೆರೆದ ಎಚ್‌ಎಎಲ್‌ನ ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಪುಷ್ಪಕದ ಒಂದು ಕಿಟ್, ಇಲ್ಲವೇ ರಟ್ಟಿನಲ್ಲಿ ಕತ್ತರಿಸಿ ಮಡಿಸುವ ಒಂದು ಹಾಳೆ ಸಿಕ್ಕರೂ ಶಾಲಾ ಪ್ರವಾಸಕ್ಕೆ ಹೋದ ಮಕ್ಕಳು ಅದನ್ನು ಊರಿಗೆ ತಂದಾರು. ಅದಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಅಲ್ಲಲ್ಲಿ ಉಳಿದಿರುವ ಪುಷ್ಪಕಗಳು ಗುಜರಿ ಸೇರುವ ಮುನ್ನ ಅವುಗಳ ಅಳತೆ, ಚಿತ್ರ ತೆಗೆದಿಡಬೇಕು. ಇದಕ್ಕೆ ಕೋಟಿ ರೂಪಾಯಿಯ ಯೋಜನೆಯೇನೂ ಬೇಡ. ಒಂದು ಅಳತೆಪಟ್ಟಿ, ಒಂದು ಕ್ಯಾಮೆರಾ, ಹ್ಯಾಂಗರಿನ ಬೀಗ ತೆಗೆಸಲು ಒಂದು ಅನುಮತಿ ಪತ್ರ ಸಾಕು.