ಬೀಟಲ್ಸ್ ಮೇಳದ ಆದಿಗೀತಗಳು ಮತ್ತು ಅವುಗಳ ಶ್ರೋತೃವರ್ಗ

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಹುಟ್ಟಿ ಜಗತ್ಪ್ರಸಿದ್ಧವಾದ ಬೀಟಲ್ಸ್ ಎಂಬ ರಾಕ್ ಸಂಗೀತದ ಮೇಳವನ್ನು ಕುರಿತು ಬರೆದ ವಿಮರ್ಶಕರಲ್ಲಿ ಹಲವರು, 1965ರಿಂದ ಈಚಿನ ಅದರ ಕೃತಿಗಳನ್ನು ಪ್ರೌಢಕಲೆಯೆಂದೂ ಅದಕ್ಕೆ ಹಿಂದಿನವುಗಳನ್ನು ಬಾಲಲೀಲೆಯೆಂದೂ ಎಣಿಸುವುದುಂಟು. ಈ ವಿಂಗಡಣೆಯು ಅನುಕೂಲವಾದುದೇ ಹೊರತು ನ್ಯಾಯವಾದುದಲ್ಲ. ಆದಿಗೀತಗಳು ಶ್ರೋತೃಗಳನ್ನು ಅಷ್ಟು ತೀವ್ರವಾಗಿ ಸೆಳೆದುದಕ್ಕೆ ಯೌವನದ ಉನ್ಮಾದವೇ ಕಾರಣವೆಂದು ಹೇಳಿ ಕೈಬಿಟ್ಟರೆ ಪ್ರಶ್ನೆಯು ಹಾಗೆಯೇ ಉಳಿಯುವುದು. ಕಾರಣವನ್ನು ಆ ಗೀತಗಳ ರಚನೆಯಲ್ಲಿಯೇ ಅರಸಬೇಕಾಗಿದೆ.

ಮೇಳದ ಮೊದಲನೆಯ ಸಂಪುಟವಾದ 'ಪ್ಲೀಸ್ ಪ್ಲೀಸ್ ಮಿ' 1963ನೆಯ ಇಸವಿ ಮಾರ್ಚಿ 22ರಂದು ಪ್ರಕಟವಾಯಿತು. ಅದರ 14 ಹಾಡುಗಳಲ್ಲಿ 4 ಮೊದಲೇ ಬಿಡಿ ತಟ್ಟೆಗಳಲ್ಲಿ ಬಂದಿದ್ದುವು. ಉಳಿದ 10ನ್ನು ಫೆಬ್ರವರಿ 11ರ ಒಂದೇ ದಿನದಲ್ಲಿ ಲಂಡನ್ನಿನಲ್ಲಿ ಮುದ್ರಿಸಿದರು. ಧ್ವನಿಪಟ್ಟಿಯಲ್ಲಿ ಇದ್ದುವು ಎರಡೇ ಪಥಗಳು. ಆದಕಾರಣ ನಾಲ್ವರೂ ಬಹುಮಟ್ಟಿಗೆ ಏಕಕಾಲದಲ್ಲಿಯೇ ಹಾಡಿ ನುಡಿಸಿದರು. ಹ್ಯಾಂಬರ್ಗಿನ ಪಾನಶಾಲೆಗಳಲ್ಲಿ ರಾತ್ರಿಯೆಲ್ಲ ನುಡಿಸಿ ಪಳಗಿದವರಿಗೆ ಇದು ಅಸಾಧ್ಯವಾಗಲಿಲ್ಲ. ನೆಗಡಿಯಿಂದ ಬಳಲುತ್ತಿದ್ದ ಜಾನ್ ಲೆನನ್ನರ ಕಂಠಕ್ಕೆ ಆಯಾಸವಾದೀತೆಂದು 'ಟ್ವಿಸ್ಟ್ ಅಂಡ್ ಶೌಟ್' ಎಂಬ ಹಾಡನ್ನು ಕಡೆಗೆ ಇರಿಸಿಕೊಂಡಿದ್ದರು. ಶಾರೀರಶುದ್ಧಿಯನ್ನು ಬಯಸುವವರಿಗೆ ಅಲ್ಲಿಯ ಒಡಕುದನಿಯು ದೋಷವೇ ಸರಿ. ಆದರೆ ಮನೆಯಲ್ಲಿ ಕುಳಿತು ಕೇಳಿದವರಿಗೆ ಗಾಯಕನು ಎದುರಿನಲ್ಲಿಯೇ ಇರುವನೆಂಬ ಭಾವವನ್ನು ಕೊಟ್ಟುದೂ ಅದೇ.

ಇದಕ್ಕಿಂತಲೂ ಮುಖ್ಯವಾದುದು ಸರ್ವನಾಮಗಳ ಪ್ರಯೋಗ. 'ಲವ್ ಮಿ ಡೂ', 'ಫ್ರಮ್ ಮಿ ಟು ಯೂ', 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್' ಎಂಬ ಹೆಸರುಗಳಲ್ಲಿಯೇ ಉತ್ತಮಪುರುಷವಾಗಲಿ ಮಧ್ಯಮಪುರುಷವಾಗಲಿ ಕಾಣುವುದು. ಇದು ಶ್ರೋತೃಗಳನ್ನು ನೇರವಾಗಿ ಮುಟ್ಟುವುದಕ್ಕೆಂದು ಬುದ್ಧಿಪೂರ್ವಕವಾಗಿ ಮಾಡಿದುದೆಂದು ಪಾಲ್ ಮೆಕಾರ್ಟ್ನಿಯವರು ತರುವಾಯ ಹೇಳಿರುವರು. ಕನ್ನಡದಲ್ಲಿ 'ನೀನು', 'ನೀವು' ಎಂದೊಡನೆ ವಚನವೂ ಗೌರವವೂ ನಿರ್ಧಾರವಾಗುವುವು; ಇಂಗ್ಲಿಷಿನ 'ಯೂ' ಎಂಬುದರಲ್ಲಿ ಇವೆರಡೂ ಅಡಗಿರುವುವು. ಲಕ್ಷಜನರನ್ನು ಉದ್ದೇಶಿಸಿ ಹಾಡಿದರೂ ಪ್ರತಿಯೊಬ್ಬಳೂ ಅದನ್ನು ತನ್ನೊಬ್ಬಳಿಗೇ ಆಡಿದ ಮಾತೆಂದು ಗ್ರಹಿಸಲು ಅಡ್ಡಿಯಿಲ್ಲ.

1963ರ ಆಗಸ್ಟ್ 23ರಂದು ಬಂದ 'ಷೀ ಲವ್ಸ್ ಯೂ' ಇನ್ನೂ ಒಂದು ಹೆಜ್ಜೆ ಮುಂದಾಗಿದೆ. ಇಲ್ಲಿ ಹಾಡುವವನು ಪ್ರಿಯನಲ್ಲ. ಮುನಿಸಿನಿಂದ ಅಗಲಿದ ಗೆಳೆಯನಿಗೆ ಅವಳ ಮನಸ್ಸನ್ನು ತಿಳಿಸಿ ಬುದ್ಧಿ ಹೇಳುವ ಸಖ. ಆಲಂಕಾರಿಕರು ಇದನ್ನು ದೌತ್ಯವೆನ್ನುವರು. ನಾಯಿಕೆಯ ಪಕ್ಷವನ್ನು ಗಂಡುದನಿಯೊಂದು ವಹಿಸಿಕೊಂಡು ವಾದಿಸುವುದನ್ನು ಕೇಳಿ ಹೆಣ್ಣುಮಕ್ಕಳು ಹಿಗ್ಗಿದುದರಲ್ಲಿ ಆಶ್ಚರ್ಯವೇನು? ಪಲ್ಲವಿಯಲ್ಲಿ ಆವರ್ತಿಸುವ ಒಪ್ಪಿಗೆಯ ಉದ್ಗಾರವು ಆಡುಮಾತಿನದಾಯಿತು, ಶಿಷ್ಟವಾದ 'ಯೆಸ್' ಎಂದು ತಿದ್ದಬಾರದೇ ಎಂದು ಮೆಕಾರ್ಟ್ನಿಯವರ ತಂದೆ ಸೂಚಿಸಿದರಂತೆ. ತರುಣರು ಒಪ್ಪಲಿಲ್ಲ. ಗ್ರಾಂಥಿಕವು ಅಲ್ಲಿ ಗೆದ್ದಿದ್ದರೆ ಹಾಡು ಸೋಲುತ್ತಿದ್ದಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಸಂಗೀತವಿಮರ್ಶಕ ವಿಲಿಯಂ ಮಾನ್ ಈ ಗೀತಗಳ ಸ್ವರರಚನೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದರು. (ಅವರು ಬಳಸಿದ ಒಂದು ಪಾರಿಭಾಷಿಕ ಪದವು ಲೆನನ್ನರಿಗೇ ತಿಳಿಯಲಿಲ್ಲವಂತೆ!) ಶ್ರೋತೃಗಳ ವಿಚಾರವನ್ನು ಮಾತ್ರ ಅವರು ಬದಿಗಿರಿಸಿದರು. ಆ ಶ್ರೋತೃಗಳೋ, ಕೂಗಿದರು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ ನೆರೆದ 55,000ಕ್ಕೂ ಮೀರಿದ ಜನರ ಕೂಗಿನಲ್ಲಿ ವಾದ್ಯಗಳ ದನಿ ವಾದಕರಿಗೇ ಕೇಳಿಸದೆ ಹೋಯಿತು. ಇದನ್ನು ಕಿವುಡುತನವೆಂದವರುಂಟು. ಆದರೆ ಆ ತರುಣಿಯರು ಹಾಡುಗಳನ್ನು ತಟ್ಟೆಗಳಿಂದ ಕೇಳಿ ಕಂಠಪಾಠ ಮಾಡಿದ್ದವರು. 'ನೀನು' ಎಂದು ಕರೆದ ಗಾಯಕನಿಗೆ ಓಗೊಡಲು ಬಂದವರೆಂದು ತಿಳಿದರೆ ಕೂಗು ನಿರರ್ಥಕವಾಗಿ ತೋರದು.

ಓಗೊಟ್ಟ ದನಿಯು ಕರೆದ ದನಿಯನ್ನು ಮುಚ್ಚಿತು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನುಡಿಸಿದ ಬಳಿಕ ಮೇಳವು ಸಂಚಾರವನ್ನು ನಿಲ್ಲಿಸಿತು. ಅದೇ ತಿಂಗಳು ಪ್ರಕಟವಾದ 'ಎಲಿನಾರ್ ರಿಗ್ಬಿ' ಒಂಟಿಯಾಗಿ ಬಾಳಿ ಸತ್ತ ಹೆಂಗಸೊಬ್ಬಳ ಕಥೆ. ಹಿಮ್ಮೇಳಕ್ಕೆ ಎಂಟು ಮಂದಿ ತಂತಿವಾದ್ಯದವರು, ನಾಲ್ವರಲ್ಲಿ ಯಾರೂ ವಾದ್ಯವನ್ನು ಮುಟ್ಟಲಿಲ್ಲ. ಆ ಹಾಡಿನಲ್ಲಿ 'ನಾನು' ಎಂಬುದೂ ಇಲ್ಲ, 'ನೀನು' ಎಂಬುದೂ ಇಲ್ಲ.