ಹಳೇ ಕಾರಿಗೆ ಹೊಸ ಬಣ್ಣ: ಒಳಗೆ ತುಕ್ಕು ಕೂತೀತು, ಹುಷಾರ್!

ಮಳೆ ಬಿಟ್ಟಿತೋ ಇಲ್ಲವೋ, ಕರಾವಳಿಯ ಟಿಂಕರಿಂಗ್ ಶೆಡ್ಡುಗಳ ಮುಂದೆ ಹಳೇ ಕಾರುಗಳ ಸಾಲು ಶುರು. ಅಂಬಾಸಿಡರ್ ತಯಾರಿ 2014ರಲ್ಲೇ ನಿಂತಿತು. ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ಮೂಲೆ ಸೇರಿತು. ಆದರೂ ಅಪ್ಪನ ಕಾಲದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬಣ್ಣ ಹೊಡೆಸಿ, ಮದುವಣಗಿತ್ತಿಯ ಹಾಗೆ ಮನೆಗೆ ತರುತ್ತಾರೆ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ, ಮಡ್‌ಗಾರ್ಡಿನ ಅಂಚಿನಲ್ಲಿ ಗುಳ್ಳೆ. ಉಗುರಲ್ಲಿ ಕೆರೆದರೆ ಒಳಗೆ ಕೆಂಪು ಪುಡಿ!

ಆಮೇಲೆ ಜಗಳ. "ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗಾಯ್ತು" ಎಂದು ಮಾಲೀಕರು. "ಪೈಂಟೇ ಸರಿ ಇಲ್ಲ ಸಾರ್" ಎಂದು ಮೇಸ್ತ್ರಿ. ಪೈಂಟನ್ನು ಬೈದು ಫಲವಿಲ್ಲ ಮಾರಾಯ್ರೆ. ಹೆಚ್ಚಿನ ಸಲ ಕಳ್ಳ ಒಳಗೆ ಸೇರುವುದು ಪ್ರೈಮರ್ ಬೀಳುವ ಮುಂಚೆಯೇ.

ಹಳೇ ಬಣ್ಣ ಕಿತ್ತು ಬರೀ ತಗಡು ಹೊರಗೆ ಬಂತು ಅನ್ನಿ. ಕಬ್ಬಿಣಕ್ಕೆ ಗಾಳಿಯೂ ತೇವವೂ ಸಿಕ್ಕಿದರೆ ತುಕ್ಕು. ಉಪ್ಪೂ ಸೇರಿದರೆ ಇನ್ನೂ ಬೇಗ. ನಮ್ಮ ಕಡಲ ತೀರದಲ್ಲಿ ಮೂರಕ್ಕೂ ಬರವಿಲ್ಲ. ಸಂಜೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಬಾನೆಟ್ ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಬೆವರಿದ ಕೈ ತಾಗಿದಲ್ಲಂತೂ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ. ಪೊಲೀಸರಿಗೆ ಬೇರೆ ಸಾಕ್ಷಿ ಬೇಡ!

"ಮೇಲ್ಮೇಲಿನದ್ದು ತಾನೆ, ಪ್ರೈಮರ್ ಹೊಡೆದರೆ ಮುಚ್ಚಿ ಹೋಗ್ತದೆ" ಅನ್ನುವವರಿದ್ದಾರೆ. ಮುಚ್ಚಿ ಹೋಗ್ತದೆ, ಸಾಯುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಬಣ್ಣವನ್ನು ಅಡಿಯಿಂದ ಎತ್ತಿ ಗುಳ್ಳೆ ಮಾಡುವುದು ಅದೇ. ಮೇಲೆ ಮೆತ್ತಿದ ಪುಟ್ಟಿ ಬೇರೆ ತೇವ ಹೀರುತ್ತದೆ.

ಮೊದಲು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಒಳಗೆ ಹೊಕ್ಕಿತೆಂದರೆ ಕತೆ ಬೇರೆ, ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದೇ. ಬರೀ ಮೇಲಿನ ತುಕ್ಕಾದರೆ 80 ನಂಬರಿನ ಎಮರಿ ಪೇಪರಿನಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಬೇಕು. ಒಣ ಉಜ್ಜು, ಬರೀ ತಗಡಿಗೆ ನೀರು ಹಾಕಿ ಉಜ್ಜಿದರೆ ತುಕ್ಕಿಗೆ ನಾವೇ ಕರೆಯೋಲೆ ಕೊಟ್ಟಂತೆ. ಸಣ್ಣ ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ತಂತಿ ಬ್ರಷ್, ಅದಕ್ಕೂ ಬಗ್ಗದಿದ್ದರೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ. ಆದರೆ ಆಮ್ಲವನ್ನು ಡಬ್ಬಿಯ ಮೇಲೆ ಹೇಳಿದ ಹಾಗೆ ತೆಗೆದು, ಪೂರಾ ಒಣಗಿಸದೆ ಪ್ರೈಮರ್ ಹೊಡೆದರೆ ಅದೂ ನಿಲ್ಲುವುದಿಲ್ಲ. ಕೊನೆಗೆ ಶುಭ್ರ ಬಟ್ಟೆಯಲ್ಲಿ ಥಿನ್ನರ್ ಒರೆಸಿ, ಬರಿಗೈ ತಾಗಿಸದೆ, ಅದೇ ದಿನ ಪ್ರೈಮರ್. ತುಕ್ಕು ಬಾರದಿರಲಿ ಎಂದು ಕೆಲವರು ಸೀಮೆಎಣ್ಣೆ ಸವರಿ ಇಡುತ್ತಾರೆ. ಆ ಜಿಡ್ಡು ಪೂರ್ತಿ ಹೋಗದೆ ಬಣ್ಣ ಹಿಡಿಯದು.

ಪ್ರೈಮರಿನಲ್ಲೂ ಭೇದವಿದೆ. ಹಾರ್ಡನರ್ ಬೆರೆಸುವ ಎಪಾಕ್ಸಿ ಪ್ರೈಮರ್ ತೇವವನ್ನು ತಡೆಯುತ್ತದೆ. ಅಗ್ಗದ ಪ್ರೈಮರ್ ಒಂದೇ ಹೊಡೆದು, ವಾರಗಟ್ಟಲೆ ಬಯಲಲ್ಲಿ ಬಿಟ್ಟ ಗಾಡಿಗೆ ಅದರೊಳಗಿಂದಲೇ ತುಕ್ಕು ಇಳಿಯುತ್ತದೆ.

ಇನ್ನು, ಎಲ್ಲ ತಪ್ಪನ್ನೂ ಮೇಸ್ತ್ರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಡೀ ಗಾಡಿಯ ಬಣ್ಣ ಒಟ್ಟಿಗೆ ಕೀಳಿಸಿ, ಮುಂಗಡ ಕೊಡದೆ ತಿಂಗಳುಗಟ್ಟಲೆ ಮುಖ ತೋರಿಸದ ಗಿರಾಕಿಗಳಿಗೇನು ಕಡಿಮೆಯೇ? ಗಾಡಿ ಅಷ್ಟು ದಿನವೂ ಟಾರ್ಪಾಲಿನಡಿ ಬೆವರುತ್ತಾ ನಿಂತಿರುತ್ತದೆ. ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಇಂದು ಒಂದು ಬಾಗಿಲು, ಮುಂದಿನ ವಾರ ಇನ್ನೊಂದು ಎಂದು ಕೆಲಸ ಮಾಡಿಸಬಹುದು. ಕಿತ್ತಷ್ಟಕ್ಕೆ ಅದೇ ದಿನ ಪ್ರೈಮರ್ ಬಿದ್ದರಾಯಿತು. ಪ್ರೈಮರಿನ ದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿಯಾದರೂ ಶೆಡ್ಡಿಗೆ ಹೋಗಿ ತಗಡನ್ನು ಕಣ್ಣಾರೆ ನೋಡಿ. ಒಳ್ಳೆ ಮೇಸ್ತ್ರಿ ಬೇಸರಿಸುವುದಿಲ್ಲ.

ಬಾಡಿ ಉಳಿಸಿಕೊಳ್ಳಲು ಈಗ ಇನ್ನೊಂದು ಕಾರಣವೂ ಇದೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕೆಂದರೆ, 2021ರಲ್ಲಿ ಕೇಂದ್ರ ತಂದ ನಿಯಮದಂತೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು.

ಅಂದಹಾಗೆ, ಬಾಗಿಲಿನ ಅಡಿಯಲ್ಲಿ ನೀರಿಳಿಯಲು ಸಣ್ಣ ತೂತುಗಳಿರುತ್ತವೆ. ಪುಟ್ಟಿ ಮೆತ್ತುವಾಗ ಅವು ಮುಚ್ಚಿ ಹೋಗಿವೆಯಾ ಅಂತ ಗಾಡಿ ಬಿಡಿಸಿಕೊಳ್ಳುವ ದಿನ ಬಗ್ಗಿ ನೋಡಿ.